ಕಾಳು, ಬೇಳೆ, ಜೋಳ: ಕಂಟೇನರ್‌ಗಳೊಳಗೆ ಕನ್ನಡದ ಅಕಾರಾದಿ

ಕಾವಲು, ಕಾಳು ಎಂಬ ಎರಡು ಪದಗಳನ್ನು ಅಕಾರಾದಿಯಲ್ಲಿ ಜೋಡಿಸಿ ಎಂದರೆ ಕನ್ನಡ ಶಾಲೆಯಲ್ಲಿ ಕಲಿತವರು ಕಾವಲನ್ನು ಮೊದಲಿಟ್ಟು ಕಾಳನ್ನು ಆಮೇಲಿಡುತ್ತಾರೆ. ನಮ್ಮ ವರ್ಣಮಾಲೆ ಯ, ರ, ಲ, ವ, ಶ, ಷ, ಸ, ಹ ಎಂದು ಸಾಗಿ ಳಕಾರದಲ್ಲಿ ಮುಗಿಯುತ್ತದೆ. ಪೋಸ್ಟ್‌ಗ್ರೆಸ್ ಡೇಟಾಬೇಸಿನ ಆಲ್ಪೈನ್ ಇಮೇಜನ್ನು ಇದ್ದ ಹಾಗೆಯೇ ಇಳಿಸಿಕೊಂಡು ಓಡಿಸಿ, ಇವೇ ಎರಡು ಪದಗಳನ್ನು ಕ್ರಮವಾಗಿ ಕೊಡು ಎಂದು ಕೇಳಿದರೆ ಕಾಳು ಮೊದಲು ಬರುತ್ತದೆ. ಹಾಗೆಯೇ ಬೇಸಾಯಕ್ಕಿಂತ ಬೇಳೆ ಮುಂದೆ, ಜೋಹಾರಿಗಿಂತ ಜೋಳ ಮುಂದೆ. ದಾವಣಗೆರೆಯ ಮಂಡಿಪೇಟೆಯ ವ್ಯಾಪಾರ ನಡೆಯುವುದೇ ಇಂಥ ಪದಗಳ ಮೇಲೆ. ಆ ಪೇಟೆಯ ಮಾತನ್ನು ಒಂದು ಪದಕೋಶವಾಗಿ ಜಾಲದಲ್ಲಿಡಬೇಕೆಂದು ಹೊರಟವರಿಗೆ ಮೊದಲ ಪುಟದಲ್ಲೇ ಎದುರಾಗುವ ತೊಡಕು ಇದು.

ಈ ಟಿಪ್ಪಣಿಯ ವಾದ ಸಣ್ಣದು. ಮುಕ್ತ ತಂತ್ರಾಂಶವೊಂದನ್ನು ಹಲವು ಕಂಟೇನರ್‌ಗಳಾಗಿ ಬಿಡಿಸಿ ಓಡಿಸುವಾಗ ಕನ್ನಡವೆಂಬುದು ಇಡೀ ಗಣಕಕ್ಕೆ ಸೇರಿದ ಗುಣವಾಗಿ ಉಳಿಯುವುದಿಲ್ಲ. ಅಕಾರಾದಿ ಕ್ರಮ ಒಂದು ಕಂಟೇನರಿನಲ್ಲಿ, ಉಚ್ಚಾರಣೆಯ ಹುಡುಕಾಟ ಇನ್ನೊಂದರಲ್ಲಿ, ಅಕ್ಷರದ ಆಕಾರ ಮತ್ತೊಂದರಲ್ಲಿ ಇರುತ್ತದೆ. ಪ್ರತಿಯೊಂದಕ್ಕೂ ಕನ್ನಡವನ್ನು ಬೇರೆ ಬೇರೆಯಾಗಿ ಕೊಡಬೇಕು. ಒಂದಕ್ಕೆ ಕೊಟ್ಟದ್ದು ಇನ್ನೊಂದಕ್ಕೆ ದಾಟುವುದಿಲ್ಲ. ಮಂಡಿಪೇಟೆಯಲ್ಲಿ ಅಂಗಡಿಗಳಿಗೆ ಗೋಡೆ ಒಂದೇ ಆದರೂ ಕಿರ್ದಿ-ಖಾತೆ ಅವರವರದೇ ಆಗಿರುವಂತೆ, ಕಂಟೇನರ್‌ಗಳೂ ಕರ್ನಲ್ ಒಂದನ್ನು ಮಾತ್ರ ಹಂಚಿಕೊಳ್ಳುತ್ತವೆ. ಲೊಕೇಲ್, ಲೈಬ್ರರಿ, ಫಾಂಟು ಎಲ್ಲ ಅವುಗಳದ್ದೇ.

ಪರೀಕ್ಷೆಗೆ ಆರಿಸಿಕೊಂಡ ತಂತ್ರಾಂಶ ಡಿಕ್ಟ್‌ಪ್ರೆಸ್. ಬೆಂಗಳೂರಿನ ಝೆರೋಧಾ ಸಂಸ್ಥೆಯ ತಂತ್ರಜ್ಞಾನದ ಹೊಣೆ ಹೊತ್ತ ಕೈಲಾಶ್ ನಾಧ್ ಬರೆದದ್ದು. ಮೊದಲು ಡಿಕ್ಟ್‌ಮೇಕರ್ ಎಂಬ ಹೆಸರಿತ್ತು. ಮಲಯಾಳದ ಓಳಂ ನಿಘಂಟಿಗಾಗಿ ಬೆಳೆದ ಇದರ ಮೇಲೆಯೇ ವಿ. ಕೃಷ್ಣ ಅವರ ಅಲರ್ ಕನ್ನಡ–ಇಂಗ್ಲಿಷ್ ನಿಘಂಟು 2019ರಲ್ಲಿ ಜಾಲಕ್ಕೆ ಬಂದಿತು. ಒಬ್ಬ ವಿದ್ವಾಂಸರು ದಶಕಗಳ ಕಾಲ ಒಂಟಿಯಾಗಿ ಕೂಡಿಸಿದ 1,50,000ಕ್ಕೂ ಮಿಕ್ಕ ಪದಗಳು, 2,40,000ಕ್ಕೂ ಮಿಕ್ಕ ಅರ್ಥಗಳು ಇಂದು ಯಾರು ಬೇಕಾದರೂ ಇಳಿಸಿಕೊಳ್ಳಬಹುದಾದ ಕಡತವಾಗಿ ಸಿಗುತ್ತವೆ. ಕನ್ನಡದ ಡಿಜಿಟಲ್ ಇತಿಹಾಸದಲ್ಲಿ ಇದಕ್ಕಿಂತ ದೊಡ್ಡ ಕೊಡುಗೆಗಳು ಕೆಲವೇ ಎಂಬುದು ನನ್ನ ಅಭಿಪ್ರಾಯ. ಪೋಸ್ಟ್‌ಗ್ರೆಸ್ ಮೇಲೆ ನಿಂತ ಡಿಕ್ಟ್‌ಪ್ರೆಸ್‌ನ ರೂಪವನ್ನೇ ಇಲ್ಲಿ ತೆಗೆದುಕೊಂಡಿದ್ದೇನೆ. ಅದಕ್ಕೆ ಬೇಕಾದದ್ದು ಎರಡೇ ಕಂಟೇನರ್: ಗೋ ಭಾಷೆಯಲ್ಲಿ ಬರೆದ ಆ್ಯಪ್ ಒಂದು, ಡೇಟಾಬೇಸ್ ಒಂದು. ಪದಗಳನ್ನು ಮುದ್ರಣಕ್ಕೆ ಪಿಡಿಎಫ್ ಮಾಡಲು ಮೂರನೆಯದೊಂದನ್ನು ನಾನೇ ಸೇರಿಸಿಕೊಂಡೆ.

ಇವನ್ನು ಒಟ್ಟಿಗೆ ಎಬ್ಬಿಸುವುದು ಕಂಪೋಸ್ ಕಡತ. ಡಾಕರ್ 2013ರಲ್ಲಿ ಹೊರಬಂತು. ಹಲವು ಕಂಟೇನರ್‌ಗಳನ್ನು ಒಂದೇ ಕಡತದಲ್ಲಿ ಬರೆದಿಡುವ ಫಿಗ್ ಎಂಬ ಸಾಧನವನ್ನು ಡಾಕರ್ ಕಂಪನಿ 2014ರಲ್ಲಿ ಕೊಂಡು ಅದಕ್ಕೆ ಕಂಪೋಸ್ ಎಂದು ಹೆಸರಿಟ್ಟಿತು. ಕಂಪೋಸ್ ಕಟ್ಟುವ ಒಳಜಾಲದಲ್ಲಿ ಕಂಟೇನರ್‌ಗಳು ಪರಸ್ಪರ ಕರೆಯುವುದು ಆ ಕಡತದಲ್ಲಿ ಬರೆದ ಹೆಸರಿನಿಂದ. ಆ್ಯಪ್‌ನ ಸೆಟ್ಟಿಂಗಿನಲ್ಲಿ ಡೇಟಾಬೇಸಿನ ವಿಳಾಸವನ್ನು ಲೋಕಲ್‌ಹೋಸ್ಟ್ ಎಂದು ಬರೆದರೆ ಅದು ತನ್ನನ್ನೇ ತಾನು ಹುಡುಕಿಕೊಂಡು ಸೋಲುತ್ತದೆ. ಡೇಟಾಬೇಸಿನ ಪೋರ್ಟನ್ನು ಹೊರಗೆ ತೆರೆಯುವವರು 127.0.0.1ಕ್ಕೆ ಕಟ್ಟಿ ತೆರೆಯಬೇಕು. ಡಾಕರ್ ತೆರೆದ ಪೋರ್ಟುಗಳು ಉಬುಂಟುವಿನ ಸಾಮಾನ್ಯ ಫೈರ್‌ವಾಲ್ ನಿಯಮಗಳನ್ನು ದಾಟಿ ಹೋಗುತ್ತವೆ.

ಮಂಡಿಪೇಟೆಯ ಪದಗಳೇ ಏಕೆ ಎಂಬುದಕ್ಕೆ ಕಾರಣವಿದೆ. ದಾವಣಗೆರೆ 1997ರ ಆಗಸ್ಟ್ 15ರಂದು ಜಿಲ್ಲೆಯಾಗುವವರೆಗೆ ಚಿತ್ರದುರ್ಗಕ್ಕೆ ಸೇರಿತ್ತು. ಹಿಂದೆ ಪಕ್ಕದ ಹರಿಹರದಲ್ಲಿ ತುಂಗಭದ್ರೆ ದಾಟಿದರೆ ಆಚೆಗೆ ಮುಂಬಯಿ ಪ್ರಾಂತ್ಯದ ಧಾರವಾಡ ಜಿಲ್ಲೆ, ಈಚೆಗೆ ಮೈಸೂರು ಸಂಸ್ಥಾನ ಇದ್ದವು. ಹತ್ತಿ, ಕಾಳು-ಕಡಿ, ಈಚಿನ ದಶಕಗಳಲ್ಲಿ ಮೆಕ್ಕೆಜೋಳ ಎಲ್ಲಕ್ಕೂ ದಾವಣಗೆರೆಯೇ ಪೇಟೆ. ಹೀಗಾಗಿ ಇಲ್ಲಿನ ಲೆಕ್ಕದ ಮಾತಿನಲ್ಲಿ ಎರಡೂ ದಡದ ಕನ್ನಡವಿದೆ, ಪಾರಸಿ-ಮರಾಠಿಯ ಹಾದಿಯಲ್ಲಿ ಬಂದ ಪದಗಳಿವೆ: ಕಿರ್ದಿ, ಖಾತೆ, ಜಮಾ, ಉದ್ರಿ, ರೋಖ, ದಲಾಲಿ, ಹಮಾಲಿ, ಬಟವಾಡೆ, ಧಾರಣೆ. ಬರೆಯುವವರು ಮಹಾಪ್ರಾಣವನ್ನು ಒಮ್ಮೆ ಇಡುತ್ತಾರೆ, ಒಮ್ಮೆ ಬಿಡುತ್ತಾರೆ. ಧಾರಣೆ, ದಾರಣೆ ಎರಡೂ ಕಾಣಸಿಗುತ್ತವೆ. ಅಡಿಕೆ ಎನ್ನುವವರೂ ಇದ್ದಾರೆ, ಅಡಕೆ ಎನ್ನುವವರೂ ಇದ್ದಾರೆ. ಪದಕೋಶದ ಹುಡುಕು ಪೆಟ್ಟಿಗೆ ಈ ಎರಡೂ ಬಗೆಯವರನ್ನು ಒಂದೇ ನಮೂದಿಗೆ ಕರೆತರಬೇಕು.

ಮೊದಲು ಕ್ರಮದ ಪ್ರಶ್ನೆಯನ್ನೇ ನೋಡೋಣ. ಯೂನಿಕೋಡಿನ ಕನ್ನಡ ವಿಭಾಗ ಇಸ್ಕಿ ಎಂಬ ಭಾರತೀಯ ಶಿಷ್ಟಸಂಕೇತದ 1988ರ ವಿನ್ಯಾಸವನ್ನು ಅನುಸರಿಸಿತು. ಎಲ್ಲ ಭಾರತೀಯ ಲಿಪಿಗಳೂ ಒಂದೇ ಚೌಕಟ್ಟಿನಲ್ಲಿ ಕೂರಬೇಕೆಂಬುದು ಇಸ್ಕಿಯ ಉದ್ದೇಶ. ಆ ಚೌಕಟ್ಟಿನಲ್ಲಿ ಲ ಆದ ಕೂಡಲೇ ಳ, ಆಮೇಲೆ ಒಂದು ಖಾಲಿ ಮನೆ, ಆಮೇಲೆ ವ. ಆ ಖಾಲಿ ಮನೆಯಲ್ಲಿ ಇರಬೇಕಾಗಿದ್ದ ಹಳಗನ್ನಡದ ೞ ಮುಂದೆ ಬೇರೆಡೆ, ಸ್ವರಚಿಹ್ನೆಗಳನ್ನೂ ದಾಟಿ ಸ್ಥಾನ ಪಡೆಯಿತು. ಲಿಪಿಯನ್ನು ಸಂಕೇತಿಸಲು ಇದರಿಂದ ಬಾಧಕವಿಲ್ಲ. ಸಂಕೇತದ ಅನುಕ್ರಮವನ್ನೇ ಅಕಾರಾದಿ ಎಂದು ಭಾವಿಸಿದಾಗ ಮಾತ್ರ ತಪ್ಪಾಗುತ್ತದೆ.  ಹಳಗನ್ನಡ ಶಾಸನಗಳ ಪದಪಟ್ಟಿ ಮಾಡುವವರಿಗೆ ಳಕಾರದ ಜೊತೆಗೆ ೞಕಾರದ ತೊಂದರೆಯೂ ಸೇರಿಕೊಳ್ಳುತ್ತದೆ.

ಆಲ್ಪೈನ್ ಇಮೇಜು ಚಿಕ್ಕದು. ಡೆಬಿಯನ್‌ನ ಗ್ಲಿಬ್‌ಸಿ ಬದಲು ಅದರಲ್ಲಿ ಮಸ್ಲ್ ಎಂಬ ಹಗುರ ಲೈಬ್ರರಿ ಇರುತ್ತದೆ. ಮಸ್ಲ್‌ಗೆ ಭಾಷೆಗೊಂದು ಕ್ರಮವೆಂಬುದು ಗೊತ್ತಿಲ್ಲ; ಬೈಟುಗಳನ್ನು ಹೋಲಿಸಿ ಮುಗಿಸುತ್ತದೆ. ಲೊಕೇಲ್ ಹೆಸರನ್ನು ಏನೆಂದು ಬರೆದರೂ ಫಲಿತಾಂಶ ಬದಲಾಗದು. ಪರಿಹಾರ ಭಾಷೆಗಳ ಕ್ರಮ ಬಲ್ಲ ಐಸಿಯು ಲೈಬ್ರರಿಯಲ್ಲಿದೆ. ಪೋಸ್ಟ್‌ಗ್ರೆಸ್ 15ರಿಂದ ಈಚೆಗೆ ಆಲ್ಪೈನ್ ಇಮೇಜಿನಲ್ಲೂ ಐಸಿಯು ಲೊಕೇಲ್ ಸಿಗುತ್ತದೆ. 16ನೇ ಆವೃತ್ತಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಕೊಲೇಶನ್ (ಪದಗಳನ್ನು ಜೋಡಿಸುವ ಕ್ರಮ) ರಚಿಸುವಾಗ ನಮ್ಮದೇ ನಿಯಮವನ್ನು ಸೇರಿಸಲು ಅವಕಾಶ ಮಾಡಿತು. ನಾನು ಸೇರಿಸಿದ ನಿಯಮ ಇಷ್ಟೇ: & ಹ < ಳ. ಹಕಾರದ ಹಿಂದೆಯೇ ಳಕಾರವನ್ನು ಇಡು ಎಂದು ಇದರ ಅರ್ಥ. ಈ ಕೊಲೇಶನ್ ಹೇಳಿ ಕೇಳಿದಾಗ ಕಾವಲು, ಕಾಳು, ಜೋಹಾರು, ಜೋಳ, ಬೇಸಾಯ, ಬೇಳೆ ಎಂದು ಪದಗಳು ಸರಿಯಾಗಿ ಬಂದವು. ಕನ್ನಡ ಲೊಕೇಲ್ ಎಂಬ ಹೆಸರೊಂದನ್ನೇ ನಂಬಿ ಕೂರದೆ ನಿಯಮವನ್ನು ಬಿಡಿಸಿ ಬರೆದಿಡುವುದು ಒಳ್ಳೆಯದು. ಮುಂದೆ ಐಸಿಯು ಆವೃತ್ತಿ ಬದಲಾದರೂ ನಮ್ಮ ಉದ್ದೇಶ ಕಡತದಲ್ಲಿ ಓದಲು ಸಿಗುತ್ತದೆ.

ಇಲ್ಲಿ ಒಂದು ಸೂಕ್ಷ್ಮವಿದೆ. ಇದರಲ್ಲಿ ಎಡವುವವರು ಬಹಳ. ಡೇಟಾಬೇಸಿನ ಮೂಲ ಲೊಕೇಲ್ ಹೇಳುವ ಸಾಲು, ಆರಂಭದ ಸ್ಕ್ರಿಪ್ಟುಗಳು, ಮೊದಲ ಪಾಸ್‌ವರ್ಡ್ ಇವೆಲ್ಲ ಕೆಲಸ ಮಾಡುವುದು ದತ್ತಾಂಶದ ವಾಲ್ಯೂಮ್ ಖಾಲಿಯಿದ್ದಾಗ ಮಾತ್ರ. ಒಮ್ಮೆ ಓಡಿಸಿ, ಕ್ರಮ ತಪ್ಪಿದ್ದನ್ನು ಕಂಡು, ಕಂಪೋಸ್ ಕಡತದಲ್ಲಿ ಸಾಲು ತಿದ್ದಿ ಮತ್ತೆ ಎಬ್ಬಿಸಿದರೆ ಏನೂ ಬದಲಾಗುವುದಿಲ್ಲ. ತಪ್ಪಿನ ಸಂದೇಶವೂ ಬರುವುದಿಲ್ಲ. ಕಡತ ಒಂದು ಹೇಳುತ್ತಿರುತ್ತದೆ, ಒಳಗಿನ ಡೇಟಾಬೇಸ್ ಹಳೆಯದನ್ನೇ ನಡೆಸುತ್ತಿರುತ್ತದೆ. ಕನ್ನಡದ ಕ್ರಮ ಮೊದಲ ದಿನದ ತೀರ್ಮಾನವಾಗಬೇಕು, ಇಲ್ಲವೇ ಮೇಲೆ ಹೇಳಿದಂತೆ ಪ್ರತ್ಯೇಕ ಕೊಲೇಶನ್ ರಚಿಸಿ ಕಾಲಮ್ಮಿಗೆ ಹಚ್ಚಬೇಕು. ಒಂದೇ ವಾಲ್ಯೂಮನ್ನು ಇವತ್ತು ಆಲ್ಪೈನ್ ಇಮೇಜಿಗೂ ನಾಳೆ ಡೆಬಿಯನ್ ಇಮೇಜಿಗೂ ಜೋಡಿಸುವುದಂತೂ ಅಪಾಯ. ಎರಡರ ಹೋಲಿಕೆಯ ರೀತಿ ಬೇರೆಯಾದ್ದರಿಂದ ಹಳೆಯ ಇಂಡೆಕ್ಸು ಹೊಸ ಕ್ರಮಕ್ಕೆ ಹೊಂದದೆ, ಇರುವ ಪದವೇ ಇಲ್ಲವೆಂದು ಉತ್ತರ ಬರಬಹುದು. 2018ರಲ್ಲಿ ಗ್ಲಿಬ್‌ಸಿ 2.28 ಬಂದಾಗ ಕ್ರಮದ ಪಟ್ಟಿ ಬದಲಾಗಿ ಲೋಕದ ಎಷ್ಟೋ ಪೋಸ್ಟ್‌ಗ್ರೆಸ್ ಬಳಕೆದಾರರು ಇಂಡೆಕ್ಸುಗಳನ್ನು ಮತ್ತೆ ಕಟ್ಟಬೇಕಾಯಿತು.

ಎರಡನೆಯದು ಕಣ್ಣಿಗೆ ಕಾಣದ ಭೇದ. ಮಂಡಿಪೇಟೆ ಎಂಬ ಪದ ಸಾಮಾನ್ಯವಾಗಿ 8 ಸಂಕೇತಗಳು, ಯುಟಿಎಫ್-8ರಲ್ಲಿ 24 ಬೈಟು. ಆದರೆ ‘ಪೇ’ ಅಕ್ಷರದ ಏತ್ವವನ್ನು ಎತ್ವ ಮತ್ತು ದೀರ್ಘ ಎಂದು ಎರಡು ಸಂಕೇತವಾಗಿ ಒಡೆದು ಬರೆಯಲೂ ಯೂನಿಕೋಡಿನಲ್ಲಿ ಅವಕಾಶವಿದೆ. ಆಗ ಅದು 9 ಸಂಕೇತ, 27 ಬೈಟು. ಪರದೆಯ ಮೇಲೆ ಎರಡೂ ಒಂದೇ. ಡೇಟಾಬೇಸಿಗೆ ಮಾತ್ರ ಅವು ಎರಡು ಬೇರೆ ಪದ. ಕನ್ನಡದಲ್ಲಿ ಹೀಗೆ ಒಡೆಯಬಲ್ಲ ಚಿಹ್ನೆಗಳು ಐದು: ೀ, ೇ, ೈ, ೊ, ೋ. ಚೀಲ, ಬೇಳೆ, ಜೋಳ ಮೂರೂ ಇದರಲ್ಲಿ ಸಿಕ್ಕಿಬೀಳುತ್ತವೆ ಎಂಬುದನ್ನು ಗಮನಿಸಿ. ಪೋಸ್ಟ್‌ಗ್ರೆಸ್ 13ರಲ್ಲಿ ಬಂದ ನಾರ್ಮಲೈಸ್ ಎಂಬ ಫಂಕ್ಷನ್ ಇದನ್ನು ಒಂದೇ ರೂಪಕ್ಕೆ ತರುತ್ತದೆ. ಆದರೆ ಪದ ಒಳಗೆ ಬರುವಾಗಲೂ ಓದುಗರು ಹುಡುಕುವಾಗಲೂ ಎರಡು ಕಡೆ ಇದನ್ನು ಮಾಡಬೇಕು. ನಾನು ಒಳತರುವ ಮುನ್ನವೇ ಪಠ್ಯಕಡತವನ್ನು ಕೂಡಿದ ರೂಪಕ್ಕೆ ತಂದಿಡುವ ದಾರಿ ಹಿಡಿದೆ.

ಹಳೆಯ ಕಡತಗಳಿಂದ ಪದ ಎತ್ತುವವರಿಗೆ ಇದಕ್ಕೂ ಮುಂಚಿನ ಕೆಲಸವೊಂದಿದೆ. ಊರಿನ ಡಿಟಿಪಿ ಅಂಗಡಿಗಳಲ್ಲಿ ವರ್ಷಗಟ್ಟಲೆ ನುಡಿ, ಬರಹ ಎಂಬ ತಂತ್ರಾಂಶಗಳ ಆಸ್ಕಿ ಫಾಂಟುಗಳಲ್ಲಿ ಅಚ್ಚುಜೋಡಣೆ ನಡೆದಿದೆ. ಅಂಥ ಕಡತ ಯೂನಿಕೋಡ್ ಲೋಕಕ್ಕೆ ಅರ್ಥವಿಲ್ಲದ ಲ್ಯಾಟಿನ್ ಅಕ್ಷರಗಳ ಸಾಲು. ಅದನ್ನು ಪರಿವರ್ತಿಸುವ ಮುಕ್ತ ಸಾಧನವನ್ನು ಬರೆದವರಲ್ಲಿ ಅರವಿಂದ ವಿ.ಕೆ. ಒಬ್ಬರು. ಗುಬ್ಬಿ, ನವಿಲು ಎಂಬ ಮುಕ್ತ ಕನ್ನಡ ಫಾಂಟುಗಳ ಹಿಂದೆಯೂ ಇದೇ ಹೆಸರಿದೆ. ಕುಬರ್ನೆಟೀಸ್‌ನಲ್ಲಿ ಓಡುವ ಕಂಟೇನರ್‌ಗಳಿಗೆ ಗ್ಲಸ್ಟರ್‌ಎಫ್‌ಎಸ್ ಆಧಾರದಲ್ಲಿ ಸ್ಥಿರವಾದ ಸಂಗ್ರಹ ಒದಗಿಸುವ ‘ಕಡಲು’ ಯೋಜನೆಯಲ್ಲೂ ಅವರು ಪ್ರಮುಖರು. ಕನ್ನಡ ಅಕ್ಷರದ ಆಕಾರದಲ್ಲಿ ಕೈಯಾಡಿಸಿದವರೇ ಕಂಟೇನರಿನ ದತ್ತಾಂಶ ಎಲ್ಲಿ ಉಳಿಯಬೇಕೆಂಬ ಪ್ರಶ್ನೆಯಲ್ಲೂ ಕೆಲಸ ಮಾಡಿದ್ದಾರೆ. ಈ ಎರಡು ಕ್ಷೇತ್ರಗಳನ್ನು ಒಟ್ಟಿಗೆ ಓದಬೇಕೆಂಬ ನನ್ನ ಆಗ್ರಹಕ್ಕೆ ಇದೊಂದು ಆಧಾರ.

ಮೂರನೆಯದು ಹುಡುಕಾಟ. ಪೋಸ್ಟ್‌ಗ್ರೆಸ್‌ನ ಪಠ್ಯಶೋಧದಲ್ಲಿ ಹಿಂದಿ, ತಮಿಳು, ನೇಪಾಳಿಗೆ ಸಿದ್ಧ ವ್ಯವಸ್ಥೆಗಳಿವೆ, ಕನ್ನಡಕ್ಕಿಲ್ಲ. ಆದ್ದರಿಂದ ಡಿಕ್ಟ್‌ಪ್ರೆಸ್ ಆ ಭಾರವನ್ನು ಆ್ಯಪ್ ಕಂಟೇನರಿನಲ್ಲೇ ಹೊರುತ್ತದೆ. ಕೈಲಾಶ್ ನಾಧ್ ಅವರದೇ ಕೆಎನ್‌ಫೋನ್ ಎಂಬ ಕ್ರಮವಿಧಿ ಕನ್ನಡ ಪದವೊಂದಕ್ಕೆ ಮೂರು ಧ್ವನಿಕೀಲಿಗಳನ್ನು ಕೊಡುತ್ತದೆ. ಮೊದಲನೆಯದು ಬಹಳ ಸಡಿಲ: ಸ್ವರಚಿಹ್ನೆಯನ್ನೂ ಗಡುಸು ಧ್ವನಿಯ ಭೇದವನ್ನೂ ಬಿಟ್ಟುಬಿಡುತ್ತದೆ. ಎರಡನೆಯದು ಗಡುಸು ಧ್ವನಿಯನ್ನು ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ. ಮೂರನೆಯದು ಎರಡನ್ನೂ. ದಕಾರ, ಧಕಾರಗಳಿಗೆ ಒಂದೇ ಗುರುತಾದ್ದರಿಂದ ಧಾರಣೆ, ದಾರಣೆ ಮೂರೂ ಕೀಲಿಗಳಲ್ಲಿ ಕೂಡುತ್ತವೆ. ಅಡಿಕೆ, ಅಡಕೆ ಸಡಿಲ ಕೀಲಿಯಲ್ಲಿ ಕೂಡುತ್ತವೆ. ಮಂಡಿಪೇಟೆಯ ಬರಹಕ್ಕೆ ಇದು ಹೇಳಿ ಮಾಡಿಸಿದಂತಿದೆ. ಸಡಿಲದ ಬೆಲೆಯೂ ಇದೆ: ಬೇಳೆ, ಬಾಳೆ, ಬೆಲೆ ಮೂರೂ ಮೊದಲ ಕೀಲಿಯಲ್ಲಿ ಒಂದೇ ಆಗಿಬಿಡುತ್ತವೆ. ಬೇಳೆಯ ಧಾರಣೆ ಹುಡುಕಿದವರ ಮುಂದೆ ಬಾಳೆಯೂ ಬರುತ್ತದೆ. ಬಿಗಿಯಾದ ಕೀಲಿ ಹೊಂದಿದ್ದನ್ನು ಮೇಲೆ, ಸಡಿಲ ಹೊಂದಿಕೆಯನ್ನು ಕೆಳಗೆ ಇಡುವುದರಿಂದ ಕೋಶ ಬಳಕೆಗೆ ಯೋಗ್ಯವಾಗುತ್ತದೆ.

ಒಳತರುವ ಕಡತದ ರೂಪ ಸರಳ. ಅಲ್ಪವಿರಾಮದಿಂದ ಬೇರ್ಪಡಿಸಿದ ಸಾಲುಗಳು. ಮುಖ್ಯಪದದ ಸಾಲು ‘-’ ಚಿಹ್ನೆಯಿಂದ, ಅದರ ಕೆಳಗಿನ ಒಂದೊಂದು ಅರ್ಥದ ಸಾಲು ‘^’ ಚಿಹ್ನೆಯಿಂದ ಆರಂಭ. ಉದ್ರಿ ಎಂಬ ಮುಖ್ಯಪದ, ಅದರ ಕೆಳಗೆ ‘ಹಣ ಆಮೇಲೆ ಕೊಡುವ ಕರಾರಿನ ಮೇಲೆ ಸರಕು ಕೊಡುವುದು’ ಎಂಬ ಅರ್ಥ, ಪಕ್ಕದಲ್ಲಿ ‘ಮಂಡಿ’ ಎಂಬ ಹಣೆಪಟ್ಟಿ. ಎಕ್ಸೆಲ್ ತೆರೆಯಬಲ್ಲ ಯಾವ ಗುಮಾಸ್ತರೂ ಇದನ್ನು ತುಂಬಬಹುದು. ಹರಿಹರದಲ್ಲಿ 1941ರಿಂದ ಲೇತ್ ಯಂತ್ರ ಮಾಡುತ್ತಿದ್ದ ಮೈಸೂರು ಕಿರ್ಲೋಸ್ಕರ್ ಮುಚ್ಚಿಹೋಗಿದೆ. ಅಲ್ಲಿ ದುಡಿದ ಟರ್ನರ್, ಫಿಟ್ಟರ್‌ಗಳ ಮಾತು ಅವರ ತಲೆಮಾರಿನ ಜೊತೆಗೇ ಹೋಗುತ್ತಿದೆ. ‘ಕಾರ್ಖಾನೆ’ ಎಂಬ ಇನ್ನೊಂದು ಹಣೆಪಟ್ಟಿ ಹಚ್ಚಿ ಆ ಮಾತನ್ನೂ ಇದೇ ಕಡತದಲ್ಲಿ ಬರೆದಿಡಲು ಇದು ತಡಮಾಡಬಾರದ ಹೊತ್ತು.

ನಾಲ್ಕನೆಯದು ಅಕ್ಷರದ ಆಕಾರ. ಜಾಲಪುಟವಾದರೆ ಓದುಗರ ಫೋನಿನ ಫಾಂಟೇ ಸಾಕು. ಪಿಡಿಎಫ್ ಮಾಡುವ ಕಂಟೇನರಿನಲ್ಲಿ ಹಾಗಲ್ಲ. ಮೊದಲ ಸಲ ತೆಗೆದ ಪ್ರತಿಯಲ್ಲಿ ಕನ್ನಡ ಇರಬೇಕಾದ ಕಡೆಯೆಲ್ಲ ಖಾಲಿ ಚೌಕಗಳು. ಹೊರಗಿನ ಗಣಕದಲ್ಲಿ ಹತ್ತಾರು ಕನ್ನಡ ಫಾಂಟುಗಳಿದ್ದರೂ ಕಂಟೇನರಿನೊಳಗೆ ಹೊಕ್ಕು, ಕನ್ನಡ ಬಲ್ಲ ಫಾಂಟುಗಳ ಪಟ್ಟಿ ಕೇಳಿದರೆ ಒಂದು ಸಾಲೂ ಬರಲಿಲ್ಲ. ಇಮೇಜು ಕಟ್ಟುವ ಡಾಕರ್‌ಫೈಲಿನಲ್ಲಿ ಡೆಬಿಯನ್‌ನ ‘ಫಾಂಟ್ಸ್-ಕೆಎನ್‌ಡಿಎ’ ಪೊಟ್ಟಣ ಸೇರಿಸಿದಾಗ ಗುಬ್ಬಿ, ನವಿಲು, ಲೋಹಿತ್ ಒಳಗೆ ಬಂದು ಪುಟ ಸರಿಯಾಯಿತು. ಓಡುತ್ತಿರುವ ಕಂಟೇನರಿಗೆ ಕೈಯಾರೆ ಫಾಂಟು ಹಾಕಿದರೆ ಅದನ್ನು ಅಳಿಸಿ ಮತ್ತೆ ಎಬ್ಬಿಸಿದಾಗ ಮಾಯ. ಡಾಕರ್‌ಫೈಲಿನಲ್ಲಿ ಬರೆದದ್ದು ಮಾತ್ರ ಉಳಿಯುತ್ತದೆ. ಇದೇ ಕಾರಣಕ್ಕೆ, ಮುಂಬಯಿಯಲ್ಲಿ ಹುಟ್ಟಿದ ಇಆರ್‌ಪಿನೆಕ್ಸ್ಟ್‌ನಂಥ ಲೆಕ್ಕದ ತಂತ್ರಾಂಶವನ್ನು ಕಂಟೇನರಿನಲ್ಲಿ ಓಡಿಸಿ ರೈತರಿಗೆ ಕನ್ನಡದಲ್ಲಿ ಪಟ್ಟಿ ಮುದ್ರಿಸಿಕೊಡಬಯಸುವ ಅಂಗಡಿಯೂ ಮೊದಲು ತನ್ನ ಇಮೇಜಿನ ಫಾಂಟು ನೋಡಿಕೊಳ್ಳಬೇಕು.

ಗಣಕದ ಗಾತ್ರದ ಬಗ್ಗೆ ಎರಡು ಮಾತು. ಇಆರ್‌ಪಿನೆಕ್ಸ್ಟ್ ಮಾರಿಯಾಡಿಬಿ, ಎರಡು ರೆಡಿಸ್, ಹಿನ್ನೆಲೆಯ ಕೆಲಸಗಾರ ಪ್ರಕ್ರಿಯೆಗಳು ಎಂದು ದೊಡ್ಡ ಸಂಸಾರವನ್ನೇ ತರುತ್ತದೆ. ಬೆಂಗಳೂರಿನಲ್ಲಿ ಬೆಳೆದ ಸಿಗ್ನೋಜ್ ಎಂಬ ನಿಗಾ ಸಾಧನ ಕ್ಲಿಕ್‌ಹೌಸ್ ಡೇಟಾಬೇಸನ್ನು ಜೊತೆಗಿಟ್ಟುಕೊಂಡು ಡಾಕರಿಗೆ ಕನಿಷ್ಠ 4 ಜಿಬಿ ಮೆಮರಿ ಕೇಳುತ್ತದೆ. ಡಿಕ್ಟ್‌ಪ್ರೆಸ್ ಹಾಗಲ್ಲ, ಕಾಲೇಜು ಗ್ರಂಥಾಲಯದ ಹಳೆಯ ಡೆಸ್ಕ್‌ಟಾಪ್ ಸಾಕು. ಇಂಥ ಗಣಕದಲ್ಲಿ ಒಂದೊಂದು ಕಂಟೇನರಿಗೂ ಮೆಮರಿಯ ಮಿತಿ ಹಾಕಬೇಕು. ಆ ಮಿತಿಯನ್ನು ಜಾರಿ ಮಾಡುವುದು ಲಿನಕ್ಸ್ ಕರ್ನಲ್ಲಿನ ಸಿಗ್ರೂಪ್. ಅದರ ಮೆಮರಿ ನಿಯಂತ್ರಕದ ಪ್ರಸ್ತಾವ ಮುಂದಿಟ್ಟು 2007ರ ಫೆಬ್ರವರಿಯಲ್ಲಿ ಮೊದಲ ರೂಪ ಕಳಿಸಿದವರು ಆಗ ಐಬಿಎಂನ ಭಾರತದ ಪ್ರಯೋಗಾಲಯದಲ್ಲಿದ್ದ ಬಲ್ಬೀರ್ ಸಿಂಗ್.

ಉಳಿಸಿಕೊಳ್ಳುವ ವಿಷಯ ಇನ್ನೂ ಮುಖ್ಯ. ಕಂಪೋಸನ್ನು ‘ಡೌನ್’ ಎಂದು ಇಳಿಸಿದರೆ ಕಂಟೇನರ್‌ಗಳು ಹೋಗುತ್ತವೆ, ಹೆಸರಿಟ್ಟ ವಾಲ್ಯೂಮ್ ಉಳಿಯುತ್ತದೆ. ಅದೇ ಆಜ್ಞೆಗೆ ‘-ವಿ’ ಎಂಬ ಒಂದು ಅಕ್ಷರ ಸೇರಿದರೆ ಪದಗಳೂ ಹೋಗುತ್ತವೆ. ಪೋಸ್ಟ್‌ಗ್ರೆಸ್‌ನ ಇಮೇಜನ್ನು ‘ಲೇಟೆಸ್ಟ್’ ಎಂದು ಬರೆದಿಟ್ಟರೆ ಮುಖ್ಯ ಆವೃತ್ತಿ ಬದಲಾದ ದಿನ ಹೊಸ ಸರ್ವರ್ ಹಳೆಯ ದತ್ತಾಂಶವನ್ನು ತೆರೆಯಲು ಒಪ್ಪುವುದಿಲ್ಲ. 18ನೇ ಆವೃತ್ತಿಯ ಅಧಿಕೃತ ಇಮೇಜಿನಲ್ಲಿ ದತ್ತಾಂಶದ ಜಾಗವೇ ಬೇರೆಯಾಗಿದೆ. ಆವೃತ್ತಿಯ ಸಂಖ್ಯೆ ಬರೆದಿಡುವುದು, ಬದಲಿಸುವ ಮುನ್ನ ಡಂಪ್ ತೆಗೆಯುವುದು, ಆ ಡಂಪನ್ನು ಬೇರೊಂದು ಗಣಕದಲ್ಲಿ ಎತ್ತಿ ನೋಡುವುದು, ಈ ಮೂರೂ ಬೇಕು. ಪದಕೋಶಕ್ಕಾದರೆ ಡಂಪಿಗಿಂತಲೂ ಒಳತರುವ ಪಠ್ಯಕಡತವನ್ನೇ ಮೂಲಪ್ರತಿ ಎಂದು ಇಟ್ಟುಕೊಳ್ಳುವಂತೆ ಸೂಚಿಸುತ್ತೇನೆ. ಡೇಟಾಬೇಸನ್ನು ಅದರಿಂದ ಎಷ್ಟು ಸಲ ಬೇಕಾದರೂ ಕಟ್ಟಬಹುದು. ಕೊಲೇಶನ್ ತಪ್ಪಿದ್ದರೂ ವಾಲ್ಯೂಮ್ ಅಳಿಸಿ ಹೊಸದಾಗಿ ಶುರುಮಾಡಲು ಅಂಜಬೇಕಿಲ್ಲ.

ಆ ಮೂಲಪ್ರತಿಯಲ್ಲಿ ಅಲರ್‌ನ ಅರ್ಥಗಳನ್ನು ಬೆರೆಸಬೇಕೆ ಎಂಬುದನ್ನು ಮೊದಲೇ ನಿಶ್ಚಯಿಸಬೇಕು. ಅಲರ್ ದತ್ತಾಂಶ ಓಡಿಬಿಎಲ್ ಪರವಾನಗಿಯಲ್ಲಿದೆ: ಬಳಸಬಹುದು, ಬದಲಿಸಬಹುದು, ಕೃತಿಕಾರರನ್ನು ಹೆಸರಿಸಬೇಕು, ಅದರಿಂದ ಹುಟ್ಟಿದ ದತ್ತಸಂಚಯವನ್ನು ಪ್ರಕಟಿಸುವವರು ಅದನ್ನೂ ಅದೇ ಪರವಾನಗಿಯಲ್ಲಿ ಕೊಡಬೇಕು. ನನಗೆ ಇದು ನ್ಯಾಯವಾದ ಷರತ್ತು ಎನಿಸುತ್ತದೆ. ಆದರೂ ಪೇಟೆಯವರು ಹೇಳಿಕೊಟ್ಟ ಪದಗಳನ್ನು ಪ್ರತ್ಯೇಕ ಕಡತದಲ್ಲಿ ಇಟ್ಟು, ಆ್ಯಪ್‌ಗೆ ತುಂಬುವಾಗ ಮಾತ್ರ ಎರಡನ್ನೂ ಒಂದರ ಹಿಂದೊಂದು ಕೊಡುವುದು ಅನುಕೂಲ. ಯಾವ ಅರ್ಥ ವಿ. ಕೃಷ್ಣ ಅವರದು, ಯಾವುದು ಮಂಡಿಪೇಟೆಯ ಗದ್ದಿಗೆಯ ಮೇಲೆ ಕೂತು ಕಿರ್ದಿ ಬರೆದವರದು ಎಂಬುದು ಆಗ ಸಾಲುಸಾಲಿಗೂ ತಿಳಿಯುತ್ತದೆ.